ದಪ್ಪ ದನಿ, ಸಣ್ಣ ದನಿ: ಒಂದು ಆಲ್ಬಮ್‌ನ ನೆರವಿನಿಂದ ಮಾಡಿದ ಶಬ್ದದ ಪಾಠ

ಪೀಠಿಕೆ

ಬೋಧನಾಭ್ಯಾಸದ ಎರಡನೇ ಹಂತದಲ್ಲಿ ನನಗೆ ಒಂಬತ್ತನೇ ತರಗತಿಯ ‘ಶಬ್ದ’ ಘಟಕವನ್ನು ವಹಿಸಲಾಗಿತ್ತು. ಕನ್ನಡ ಮಾಧ್ಯಮದ ಪ್ರೌಢಶಾಲೆ, 38 ಮಕ್ಕಳು, 40 ನಿಮಿಷಗಳ ಅವಧಿ. ಪೂರ್ವಜ್ಞಾನ ತಿಳಿಯಲು ಮೊದಲ ದಿನ ಒಂದು ಸರಳ ಪ್ರಶ್ನೆ ಕೇಳಿದೆ: “ಸೊಳ್ಳೆಯ ಸದ್ದು, ಎಮ್ಮೆಯ ಕೂಗು, ಇವುಗಳಲ್ಲಿ ಯಾವುದರ ಸ್ಥಾಯಿ ಹೆಚ್ಚು?” ಬಹುತೇಕ ಎಲ್ಲರೂ “ಎಮ್ಮೆ” ಎಂದರು. ಕಾರಣ ಕೇಳಿದಾಗ “ಜೋರಾಗಿ ಕೇಳಿಸುತ್ತದಲ್ಲ ಮಿಸ್” ಎಂಬ ಉತ್ತರ ಬಂತು.

ಗಟ್ಟಿತನ ಮತ್ತು ಸ್ಥಾಯಿ ಎರಡೂ ಒಂದೇ ಎಂಬ ಈ ತಪ್ಪು ಗ್ರಹಿಕೆ ನಮ್ಮ ವಿಧಾನಶಾಸ್ತ್ರದ ತರಗತಿಗಳಲ್ಲಿ ಚರ್ಚೆಯಾದದ್ದೇ. ಆದರೆ ಅದರ ಒಂದು ಬೇರು ನಮ್ಮ ಮಾತಿನಲ್ಲೇ ಇದೆ ಎಂಬುದು ನನಗೆ ಆ ದಿನ ಹೊಳೆಯಿತು. ಮನೆಯಲ್ಲಿ ಹಿರಿಯರು “ದನಿ ಏರಿಸಬೇಡ” ಎಂದರೆ ಗಟ್ಟಿಯಾಗಿ ಮಾತಾಡಬೇಡ ಎಂದರ್ಥ. ಸಂಗೀತದ ಪಾಠದಲ್ಲಿ “ಸ್ವರ ಏರಿಸು” ಎಂದರೆ ಸ್ಥಾಯಿ ಹೆಚ್ಚಿಸು ಎಂದರ್ಥ. “ಸಣ್ಣ ದನಿ” ಎಂದರೆ ಕೆಲವೊಮ್ಮೆ ಮೆಲ್ಲನೆಯ ದನಿ, ಕೆಲವೊಮ್ಮೆ ತೆಳುವಾದ ದನಿ. ಮಗು ಮನೆಯಿಂದ ತಂದ ಪದಕ್ಕೆ ಎರಡು ಅರ್ಥಗಳಿರುವಾಗ, ಕಪ್ಪುಹಲಗೆಯ ಮೇಲೆ ವ್ಯಾಖ್ಯೆ ಬರೆದ ಮಾತ್ರಕ್ಕೆ ಗೊಂದಲ ಹೋಗುವುದಿಲ್ಲ. ಎರಡನ್ನೂ ಕಿವಿಯಿಂದಲೇ ಬೇರ್ಪಡಿಸಿ ತೋರಿಸಬೇಕು. ಅದಕ್ಕಾಗಿ ನಾನು ಆರಿಸಿಕೊಂಡ ಕಲಿಕೋಪಕರಣ ಒಂದು ಆಲ್ಬಮ್. ಆ ಪಾಠ ಎಲ್ಲಿ ಚೆನ್ನಾಗಿ ನಡೆಯಿತು, ಎಲ್ಲಿ ನಾನು ಎಡವಿದೆ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಆಲ್ಬಮ್‌ನ ಪರಿಚಯ

ಅಮೆರಿಕದ ಕಲಾವಿದೆ ಲಾರಿ ಆಂಡರ್ಸನ್ ಅವರ ‘ಬಿಗ್ ಸೈನ್ಸ್’ ಆಲ್ಬಮ್ 1982ರಲ್ಲಿ ವಾರ್ನರ್ ಬ್ರದರ್ಸ್ ಮೂಲಕ ಬಿಡುಗಡೆಯಾಯಿತು. ಆಂಡರ್ಸನ್ ಓದಿದ್ದು ಕಲಾ ಇತಿಹಾಸ ಮತ್ತು ಶಿಲ್ಪಕಲೆ. ಚಿಕ್ಕಂದಿನಿಂದ ಪಿಟೀಲು ಕಲಿತವರು. ಈ ಆಲ್ಬಮ್‌ನಲ್ಲಿ ಅವರು ಹಾಡುವುದಕ್ಕಿಂತ ಹೆಚ್ಚಾಗಿ ಮಾತನಾಡುತ್ತಾರೆ. ದಿನಬಳಕೆಯ ಮಾತನ್ನೇ ಕವಿತೆಯಂತೆ ನಿಧಾನವಾಗಿ, ನಡುವೆ ಮೌನ ಬಿಟ್ಟು ಹೇಳುತ್ತಾರೆ. ಹಿನ್ನೆಲೆಯಲ್ಲಿ ಸಿಂಥಸೈಸರ್, ತಾಳವಾದ್ಯ, ಊದುವ ವಾದ್ಯಗಳು ಮತ್ತು ಯಂತ್ರದ ಮೂಲಕ ಹಾದುಬಂದ ಅವರದೇ ದನಿ ಇರುತ್ತವೆ. ‘ವಾಕಿಂಗ್ ಅಂಡ್ ಫಾಲಿಂಗ್’ ಎಂಬ ಪುಟ್ಟ ರಚನೆಯ ಆಶಯವಂತೂ ವಿಜ್ಞಾನ ಶಿಕ್ಷಕರಿಗೆ ಇಷ್ಟವಾಗುವಂಥದ್ದು: ನಡೆಯುವುದೆಂದರೆ ಪ್ರತಿ ಹೆಜ್ಜೆಗೂ ಸ್ವಲ್ಪ ಬೀಳುವುದು, ಬೀಳುವುದನ್ನು ತಡೆದುಕೊಳ್ಳುವುದು.

ಆಲ್ಬಮ್‌ನ ಪ್ರಸಿದ್ಧ ರಚನೆ ‘ಓ ಸೂಪರ್‌ಮ್ಯಾನ್’. ಇದು ಮೊದಲು 1981ರಲ್ಲಿ ಒಂದು ಸಣ್ಣ ಸಂಸ್ಥೆಯಿಂದ ಕೆಲವೇ ಪ್ರತಿಗಳಲ್ಲಿ ಹೊರಬಂದಿತ್ತು. ಬ್ರಿಟನ್ನಿನ ರೇಡಿಯೋ ನಿರೂಪಕ ಜಾನ್ ಪೀಲ್ ಅದನ್ನು ಪ್ರಸಾರ ಮಾಡಿದ ಮೇಲೆ ಜನರ ಗಮನ ಸೆಳೆದು, ಎಂಟು ನಿಮಿಷ ಮೀರಿದ ಈ ವಿಚಿತ್ರ ರಚನೆ ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿತು. ಫ್ರೆಂಚ್ ಸಂಗೀತಕಾರ ಮಾಸ್ನೆ 1885ರಲ್ಲಿ ರಚಿಸಿದ ‘ಲೆ ಸಿಡ್’ ಗೀತನಾಟಕದ ಒಂದು ಪ್ರಾರ್ಥನಾ ಗೀತೆ ಇದಕ್ಕೆ ಪ್ರೇರಣೆ. ರಚನೆಯ ಉದ್ದಕ್ಕೂ “ಹ” ಎಂಬ ಒಂದೇ ಅಕ್ಷರ ಗಡಿಯಾರದಂತೆ ಮರುಕಳಿಸುತ್ತದೆ. ಅದರ ಮೇಲೆ ದೂರವಾಣಿಯ ಉತ್ತರಿಸುವ ಯಂತ್ರದಲ್ಲಿ ದಾಖಲಾದ ಸಂದೇಶಗಳಂತೆ ಮಾತು ಸಾಗುತ್ತದೆ. ಮೊದಲು ತಾಯಿಯ ದನಿ, ಆಮೇಲೆ ಯಾರದೆಂದು ತಿಳಿಯದ ದನಿ, ಬರುತ್ತಿರುವ ವಿಮಾನಗಳ ಸುದ್ದಿ. 1980ರಲ್ಲಿ ಇರಾನಿನಲ್ಲಿ ಒತ್ತೆಯಾಳುಗಳಾಗಿದ್ದ ಅಮೆರಿಕನ್ನರನ್ನು ಬಿಡಿಸಲು ಹೋದ ಸೇನಾ ಕಾರ್ಯಾಚರಣೆ ವಿಫಲವಾದದ್ದು ಇದರ ಹಿಂದಿನ ಘಟನೆ. ಯಂತ್ರಗಳನ್ನು ನಂಬಿದ ಒಂದು ದೇಶದ ಅಳುಕು ಇಲ್ಲಿ ಯಂತ್ರದ ದನಿಯಲ್ಲೇ ಕೇಳುತ್ತದೆ.

ಪಾಠದ ದೃಷ್ಟಿಯಿಂದ ಮೂರು ಉಪಕರಣಗಳು ಮುಖ್ಯ.

ಒಂದು, ಟೇಪ್ ಪಿಟೀಲು. 1977ರಲ್ಲಿ ಆಂಡರ್ಸನ್ ರೂಪಿಸಿದ ಈ ವಾದ್ಯದಲ್ಲಿ ಕಮಾನಿಗೆ ಕುದುರೆ ಕೂದಲಿನ ಬದಲು ಧ್ವನಿ ಮುದ್ರಿಸಿದ ಕಾಂತೀಯ ಟೇಪ್ ಇದೆ. ಟೇಪನ್ನು ಓದುವ ಭಾಗ ಪಿಟೀಲಿನ ಮೇಲಿದೆ. ಕಮಾನನ್ನು ಮುಂದಕ್ಕೆಳೆದರೆ ಮಾತು ನೇರವಾಗಿ, ಹಿಂದಕ್ಕೆಳೆದರೆ ತಿರುಗಾಮುರುಗಾ ಕೇಳುತ್ತದೆ. ವೇಗವಾಗಿ ಎಳೆದರೆ ಸ್ಥಾಯಿ ಏರುತ್ತದೆ, ಮಾತು ಬೇಗ ಮುಗಿಯುತ್ತದೆ.

ಎರಡು, ಹಾರ್ಮೊನೈಸರ್. ಇದು ಮಾತಿನ ಅವಧಿಯನ್ನು ಬದಲಿಸದೆ ಸ್ಥಾಯಿಯನ್ನು ಮಾತ್ರ ಬದಲಿಸುತ್ತದೆ. ದನಿಯನ್ನು ಅತಿ ಸಣ್ಣ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕನ್ನು ಬೇರೆ ವೇಗದಲ್ಲಿ ಓದಿ, ಕಾಲ ಸರಿಹೋಗಲು ಕೆಲವನ್ನು ಮರುಬಳಸುತ್ತದೆ ಅಥವಾ ಬಿಟ್ಟುಬಿಡುತ್ತದೆ.

ಮೂರು, ವೋಕೋಡರ್. ಇದು ಬೆಲ್ ಪ್ರಯೋಗಾಲಯದ ಹೋಮರ್ ಡಡ್ಲಿ ಅವರ ಆವಿಷ್ಕಾರ. ದೂರವಾಣಿ ತಂತಿಯಲ್ಲಿ ಮಾತನ್ನು ಕಡಿಮೆ ಜಾಗದಲ್ಲಿ ಸಾಗಿಸುವುದು ಮೂಲ ಉದ್ದೇಶವಾಗಿತ್ತು. ಎರಡನೇ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಗುಪ್ತ ಸಂಭಾಷಣೆಗೆ ಇದರ ತತ್ವ ಬಳಕೆಯಾಯಿತು; ಮುಂದೆ ಸಂಗೀತಗಾರರ ಕೈಸೇರಿತು. ವೋಕೋಡರ್ ನಮ್ಮ ಮಾತನ್ನು ಹಲವು ಆವೃತ್ತಿ ಪಟ್ಟಿಗಳಾಗಿ ಬೇರ್ಪಡಿಸಿ, ಪ್ರತಿ ಪಟ್ಟಿಯಲ್ಲಿ ಕ್ಷಣಕ್ಷಣಕ್ಕೂ ಎಷ್ಟು ಶಕ್ತಿಯಿದೆ ಎಂದು ಅಳೆದು, ಆ ಏರಿಳಿತವನ್ನು ಸಿಂಥಸೈಸರ್‌ನ ನಾದಕ್ಕೆ ತೊಡಿಸುತ್ತದೆ. ಅಕ್ಷರಗಳು ಬಾಯಿಯಿಂದ, ಸ್ಥಾಯಿ ಕೀಲಿಮಣೆಯಿಂದ ಬರುತ್ತದೆ. ಕೀಲಿಮಣೆಯಲ್ಲಿ ಏಕಕಾಲಕ್ಕೆ ಹಲವು ಸ್ವರಗಳನ್ನು ಒತ್ತಿದರೆ ಒಬ್ಬರ ಮಾತು ಮೇಳದಂತೆ ಕೇಳಿಸುತ್ತದೆ. ‘ಓ ಸೂಪರ್‌ಮ್ಯಾನ್’ನಲ್ಲಿ ನಾವು ಕೇಳುವುದು ಇದನ್ನೇ.

ಕಲಿಕಾ ಉದ್ದೇಶಗಳು

1. ಗಟ್ಟಿತನವು ಕಂಪನವಿಸ್ತಾರವನ್ನೂ ಸ್ಥಾಯಿಯು ಆವೃತ್ತಿಯನ್ನೂ ಅವಲಂಬಿಸಿದೆ ಎಂದು ವಿದ್ಯಾರ್ಥಿಯು ಪ್ರಯೋಗದ ಮೂಲಕ ಗುರುತಿಸುವನು/ಳು.
2. ಶಬ್ದದ ಆವೃತ್ತಿಗೂ ಒಂದು ಸದ್ದು ಮರುಕಳಿಸುವ ದರಕ್ಕೂ ಇರುವ ವ್ಯತ್ಯಾಸವನ್ನು ವಿವರಿಸುವನು/ಳು.
3. ಸ್ಥಾಯಿ ಒಂದೇ ಇದ್ದರೂ ಶಬ್ದದ ಗುಣ ಬದಲಾಗಬಹುದೆಂದು ಉದಾಹರಣೆ ಕೊಡುವನು/ಳು.

ಮೊದಲ ಪಾಠ

ತೊಡಗಿಸಿಕೊಳ್ಳುವ ಹಂತದಲ್ಲಿ ‘ಓ ಸೂಪರ್‌ಮ್ಯಾನ್’ನ ಮೊದಲ ಒಂದು ನಿಮಿಷವನ್ನಷ್ಟೇ ಕೇಳಿಸಿದೆ. ಮಾತು ಇಂಗ್ಲಿಷಿನಲ್ಲಿದ್ದುದರಿಂದ ಮಕ್ಕಳಿಗೆ ಅರ್ಥವಾಗದು ಎಂಬ ಅಳುಕಿತ್ತು. ಅದೇ ಅನುಕೂಲವಾಯಿತು. ಅರ್ಥದ ಬೆನ್ನು ಹತ್ತದೆ ಅವರು ಸದ್ದನ್ನು ಗಮನಿಸಿದರು. “ಯಾರೋ ಏದುಸಿರು ಬಿಡ್ತಿದಾರೆ”, “ರೋಬೋಟ್ ಮಾತಾಡ್ತಿದೆ”, “ಒಬ್ಬರಲ್ಲ, ತುಂಬ ಜನ” ಎಂದರು.

ಅನ್ವೇಷಣೆಯ ಹಂತದಲ್ಲಿ 10 ಸೆಕೆಂಡುಗಳಲ್ಲಿ ಎಷ್ಟು ಸಲ “ಹ” ಬರುತ್ತದೆಂದು ಗುಂಪುಗಳಲ್ಲಿ ಎಣಿಸಿದರು. ಸೆಕೆಂಡಿಗೆ ಬೆರಳೆಣಿಕೆಯಷ್ಟು ಸಲ ಎಂದು ತಿಳಿಯಿತು. ಆಗ ಕೇಳಿದೆ: “ಇದೇ ಈ ಶಬ್ದದ ಆವೃತ್ತಿಯೇ?” ಅರ್ಧದಷ್ಟು ಮಕ್ಕಳು ಹೌದೆಂದರು. “ಮನುಷ್ಯನ ಕಿವಿಗೆ ಕೇಳಿಸುವ ಕನಿಷ್ಠ ಆವೃತ್ತಿ ಎಷ್ಟು?” ಎಂದಾಗ “20 ಹರ್ಟ್ಜ್” ಎಂದು ಪುಸ್ತಕದ ಉತ್ತರ ಬಂತು. ಹಾಗಾದರೆ ನಮಗೆ ಈ “ಹ” ಹೇಗೆ ಕೇಳಿಸುತ್ತಿದೆ? ತರಗತಿ ಸುಮ್ಮನಾಯಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು “ಒಂದೊಂದು ‘ಹ’ದ ಒಳಗೂ ಬಹಳ ಸಲ ಅಲುಗಾಡಿರಬೇಕು” ಎಂದಳು. ಮರುಕಳಿಸುವ ದರ ಬೇರೆ, ಕಂಪನದ ಆವೃತ್ತಿ ಬೇರೆ ಎಂಬುದನ್ನು ನಾನು ಹೇಳಿಕೊಡಬೇಕಾಗಲಿಲ್ಲ.

ಇಲ್ಲಿಯವರೆಗೆ ಪಾಠ ಚೆನ್ನಾಗಿತ್ತು. ವಿವರಣೆಯ ಹಂತಕ್ಕೆ ಲ್ಯಾಪ್‌ಟಾಪಿನಲ್ಲಿ ‘ಅಡಾಸಿಟಿ’ ತಂತ್ರಾಂಶ ಸಿದ್ಧವಿತ್ತು. ಮಗುವಿನ ದನಿಯನ್ನೇ ಮುದ್ರಿಸಿ ಸ್ಥಾಯಿ ಬದಲಿಸಿ ಕೇಳಿಸುವುದು ನನ್ನ ಯೋಜನೆ. ಮುಂಚಿನ ದಿನ ಮಕ್ಕಳಿಗೆ ತಮ್ಮದೇ ನಾಲ್ಕು ಸಾಲಿನ ಪದ್ಯ ಬರೆದು ತರಲು ಹೇಳಿದ್ದೆ. “ಯಾರು ಓದುತ್ತೀರಿ?” ಎಂದಾಗ ಮೂರನೇ ಬೆಂಚಿನ ಹುಡುಗನೊಬ್ಬನನ್ನು ಗೆಳೆಯರು ಎಬ್ಬಿಸಿ ಮುಂದೆ ನೂಕಿದರು. ಅವನು ತಾನಾಗಿ ಬಂದವನಲ್ಲ ಎಂಬುದನ್ನು ನಾನು ಗಮನಿಸಬೇಕಿತ್ತು.

ಅವನು ಮಳೆಯ ಮೇಲೆ ಬರೆದ ಸಾಲುಗಳನ್ನು ಓದಿದ. ಎರಡನೇ ಸಾಲಿನಲ್ಲಿ ದನಿ ಒಡೆಯಿತು. ಕೆಲವರು ನಕ್ಕರು. ಅವಧಿ ಮುಗಿಯುತ್ತದೆಂಬ ಅವಸರದಲ್ಲಿ ನಾನು ಆ ಮುದ್ರಿಕೆಯನ್ನೇ ಸ್ಥಾಯಿ ಏರಿಸಿ ಕೇಳಿಸಿದೆ. ಒಡೆದ ಜಾಗ ಇನ್ನೂ ಕೀಚಲಾಗಿ ಕೇಳಿತು. ಇಡೀ ತರಗತಿ ನಗೆಯಲ್ಲಿ ಮುಳುಗಿತು. “ನೋಡಿದಿರಾ, ಆವೃತ್ತಿ ಹೆಚ್ಚಾದರೆ ಸ್ಥಾಯಿ ಹೆಚ್ಚು” ಎಂದು ನಾನು ಕಪ್ಪುಹಲಗೆಯ ಮೇಲೆ ಬರೆದೆ. ಗಂಟೆ ಬಾರಿಸಿತು. ಹುಡುಗ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದ.

ಪಾಠ ವೀಕ್ಷಿಸಿದ ಮಾರ್ಗದರ್ಶಕ ಉಪನ್ಯಾಸಕರು ನನ್ನ ಪುಸ್ತಕದಲ್ಲಿ ಬರೆದದ್ದು ಎರಡೇ ಸಾಲು: “ಉಪಕರಣದ ಆಯ್ಕೆ ಉತ್ತಮ. ಆ ಹುಡುಗ ಏನು ಕಲಿತ?”

ತಪ್ಪಿನ ವಿಶ್ಲೇಷಣೆ

ಮರುದಿನದ ಅವಧಿಯಲ್ಲಿ ಅವನು ಹಾಜರಿಗೂ ಕೈಯೆತ್ತಿದನೇ ಹೊರತು “ಪ್ರೆಸೆಂಟ್” ಎನ್ನಲಿಲ್ಲ. ಮಕ್ಕಳು ಅವನಿಗೊಂದು ಅಡ್ಡಹೆಸರು ಇಟ್ಟಿದ್ದರು. ಹದಿಮೂರು ಹದಿನಾಲ್ಕರ ಹುಡುಗರ ತರಗತಿಯಲ್ಲಿ ಹಲವರ ದನಿ ಬದಲಾಗುತ್ತಿರುತ್ತದೆಂಬುದು ಜೀವಶಾಸ್ತ್ರ ಓದಿದ ನನಗೆ ಗೊತ್ತಿತ್ತು. ಪಾಠಯೋಜನೆ ಬರೆಯುವಾಗ ಅದು ನೆನಪಾಗಲಿಲ್ಲ. ದನಿಯನ್ನು ನಾನು ಮೇಜಿನ ಮೇಲಿನ ಶ್ರುತಿಕವೆಯಂತೆ ಒಂದು ಉಪಕರಣ ಎಂದುಕೊಂಡಿದ್ದೆ.

ನನಗೆ ಇದು ತಿಳಿಯದ ವಿಷಯವೂ ಆಗಿರಲಿಲ್ಲ. ಬೋಧನಾಭ್ಯಾಸದ ಮೊದಲ ಹಂತದಲ್ಲಿ ವೀಕ್ಷಣಾ ನಮೂನೆಯ ‘ಧ್ವನಿ’ ಎಂಬ ಅಂಕಣದಲ್ಲಿ ನನಗೆ ಬಂದ ಟಿಪ್ಪಣಿ “ದನಿ ತೆಳು, ಹಿಡಿತ ಸಾಲದು”. ಅದಾದ ಮೇಲೆ ಎರಡು ವಾರ ಕೂಗಿ ಪಾಠ ಮಾಡಿ ಗಂಟಲು ಕಟ್ಟಿತ್ತು. ಗಟ್ಟಿತನ ಹೆಚ್ಚಿಸಿದರೆ ಸ್ಥಾಯಿ ಬದಲಾಗುತ್ತದೆಂದು ನಾನೇ ನಂಬಿದಂತಾಯಿತು! ಮಕ್ಕಳ ತಪ್ಪು ಗ್ರಹಿಕೆ ನನ್ನದೂ ಆಗಿತ್ತು. ತನ್ನ ದನಿಯ ಬಗ್ಗೆ ಇನ್ನೊಬ್ಬರು ತೀರ್ಪು ಕೊಟ್ಟರೆ ಹೇಗಿರುತ್ತದೆಂದು ಗೊತ್ತಿದ್ದೂ ನಾನು ಆ ಹುಡುಗನ ದನಿಯನ್ನು ತರಗತಿಯ ಮುಂದಿಟ್ಟೆ.

ಮಧ್ಯಾಹ್ನದ ಬಿಡುವಿನಲ್ಲಿ ಅವನನ್ನು ಒಬ್ಬನನ್ನೇ ಮಾತನಾಡಿಸಿ, ತಪ್ಪು ನನ್ನದೆಂದು ಹೇಳಿ, ಮುದ್ರಿಕೆಯನ್ನು ಅವನ ಎದುರಿಗೇ ಅಳಿಸಿದೆ. ಅವನು ತಲೆಯಾಡಿಸಿದ. ಹೆಚ್ಚು ಮಾತಾಡಲಿಲ್ಲ.

ಪರಿಷ್ಕೃತ ಪಾಠ

ಮುಂದಿನ ಅವಧಿಗೆ ಪಾಠಯೋಜನೆಯನ್ನು ಮೂರು ಚಟುವಟಿಕೆಗಳಾಗಿ ತಿದ್ದಿದೆ.

ಚಟುವಟಿಕೆ 1: ಉಕ್ಕಿನ ಅಳತೆಪಟ್ಟಿ. ಪಟ್ಟಿಯನ್ನು ಮೇಜಿನ ಅಂಚಿನಲ್ಲಿ ಒತ್ತಿಹಿಡಿದು ಹೊರಚಾಚಿದ ಭಾಗವನ್ನು ಮೀಟಬೇಕು. ಮೊದಲು ಉದ್ದ ಬದಲಿಸದೆ ಮೆಲ್ಲಗೆ ಮತ್ತು ಜೋರಾಗಿ ಮೀಟಿದರು: ಗಟ್ಟಿತನ ಬದಲಾಯಿತು, ಸ್ಥಾಯಿ ಹಾಗೇ ಉಳಿಯಿತು. ನಂತರ ಒಂದೇ ಬಲದಲ್ಲಿ ಮೀಟುತ್ತ ಉದ್ದ ಕಡಿಮೆ ಮಾಡಿದರು: ಸ್ಥಾಯಿ ಏರಿತು. ತುಂಬ ಉದ್ದ ಬಿಟ್ಟಾಗ ಪಟ್ಟಿ ಅಲುಗುವುದು ಕಣ್ಣಿಗೆ ಕಾಣುತ್ತದೆ, ಅದರ ನಾದ ಕೇಳಿಸುವುದಿಲ್ಲ. 20 ಹರ್ಟ್ಜ್‌ನ ಮಿತಿ ಅವರಿಗೆ ಈಗ ಬರೀ ಸಂಖ್ಯೆಯಾಗಿ ಉಳಿಯಲಿಲ್ಲ. ಫಲಿತಾಂಶವನ್ನು ಹಲಗೆಯ ಮೇಲೆ ಎರಡು ಅಂಕಣಗಳಲ್ಲಿ ಬರೆದು, ಮನೆಮಾತಿನ ಪದಗಳನ್ನು ಅವುಗಳ ಕೆಳಗೆ ಸೇರಿಸಿದೆವು. ‘ಜೋರು, ಮೆಲ್ಲಗೆ, ಏರುದನಿ’ ಗಟ್ಟಿತನದ ಕೆಳಗೆ; ‘ದಪ್ಪ, ತೆಳು, ಕೀಚಲು, ಗೊಗ್ಗರು’ ಸ್ಥಾಯಿಯ ಕೆಳಗೆ. ‘ಗೊಗ್ಗರು’ ಬರೀ ಸ್ಥಾಯಿಯಲ್ಲ, ಒರಟುತನವೂ ಇದೆ ಎಂದು ಒಬ್ಬ ವಾದಿಸಿದ. ಅದಕ್ಕಾಗಿ ‘ಗುಣ’ ಎಂಬ ಮೂರನೇ ಅಂಕಣ ತೆರೆಯಬೇಕಾಯಿತು. ‘ಸಣ್ಣ ದನಿ’ ಮೊದಲೆರಡು ಅಂಕಣಗಳಲ್ಲೂ ಬರುತ್ತದೆಂದು ಅವರೇ ಪತ್ತೆಹಚ್ಚಿದರು.

ಚಟುವಟಿಕೆ 2: ಗುನುಗುವಿಕೆ. ಇಡೀ ತರಗತಿ ಒಟ್ಟಿಗೆ, ಒಂದೇ ಸ್ಥಾಯಿಯಲ್ಲಿ ನಾದ ಎಳೆಯುತ್ತ ಬಾಯಿಯ ಆಕಾರವನ್ನಷ್ಟೇ ಬದಲಿಸಬೇಕು: ಅ, ಇ, ಉ, ಎ, ಒ. ಸ್ಥಾಯಿ ಒಂದೇ, ಅಕ್ಷರ ಬೇರೆ. ಕೈಯನ್ನು ಕುತ್ತಿಗೆಯ ಮೇಲಿಟ್ಟಾಗ ಕಂಪನ ಗೊತ್ತಾಗುತ್ತದೆ. ಧ್ವನಿತಂತುಗಳು ನಾದವನ್ನು ಹುಟ್ಟಿಸುತ್ತವೆ. ಗಂಟಲು, ಬಾಯಿ, ನಾಲಿಗೆ ಅದಕ್ಕೆ ರೂಪ ಕೊಡುತ್ತವೆ. ಇಲ್ಲಿ ವೋಕೋಡರ್‌ಗೆ ಮರಳಿದೆ: “ಧ್ವನಿತಂತುಗಳ ಕೆಲಸವನ್ನು ಕೀಲಿಮಣೆಗೆ ವಹಿಸಿ, ಬಾಯಿಯ ಕೆಲಸವನ್ನು ಮಾತ್ರ ಉಳಿಸಿಕೊಂಡರೆ ಏನಾಗುತ್ತದೆ?” ಆಲ್ಬಮ್‌ನ ಅದೇ ತುಣುಕನ್ನು ಮತ್ತೆ ಕೇಳಿಸಿದೆ. ಈ ಬಾರಿ “ರೋಬೋಟ್” ಎನ್ನಲಿಲ್ಲ. “ಬಾಯಿ ಅವರದು, ಗಂಟಲು ಮಿಷನ್ನಿದು” ಎಂದರು. ಇದಕ್ಕಿಂತ ಸರಳ ವ್ಯಾಖ್ಯೆ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ.

ಚಟುವಟಿಕೆ 3: ಶಿಕ್ಷಕಿಯ ದನಿ. ಈ ಸಲ ಮುದ್ರಿಸಿದ್ದು ನನ್ನದೇ ದನಿ. ಮೊಬೈಲ್‌ನ ಶ್ರುತಿ ತೋರಿಸುವ ಆ್ಯಪ್‌ನಲ್ಲಿ ನನ್ನ ನಾದ ಸುಮಾರು 220 ಹರ್ಟ್ಜ್ ತೋರಿಸಿತು. “ಎಲ್ಲರೂ ಪುಸ್ತಕ ತೆರೆದು ಪ್ರಶ್ನೆ ಓದಿ” ಎಂಬ ಒಂದೇ ವಾಕ್ಯವನ್ನು ಹಾಗೆಯೇ ಒಮ್ಮೆ, ಒಂದು ಸಪ್ತಕ ಇಳಿಸಿ, ಅಂದರೆ ಆವೃತ್ತಿಯನ್ನು 110 ಹರ್ಟ್ಜ್‌ಗೆ ಅರ್ಧಮಾಡಿ ಇನ್ನೊಮ್ಮೆ ಕೇಳಿಸಿದೆ. ನಗು ಬಂತು. ಈ ಬಾರಿ ನಗುವಿನ ಗುರಿ ನಾನೇ ಆಗಿದ್ದೆ, ಅದಕ್ಕೆ ನಾನು ಒಪ್ಪಿದ್ದೆ.

“ಯಾವ ಮಿಸ್ ಹೇಳಿದರೆ ನೀವು ಬೇಗ ಪುಸ್ತಕ ತೆರೆಯುತ್ತೀರಿ?” ಎಂದು ಕೇಳಿದೆ. ಹೆಚ್ಚಿನ ಕೈಗಳು ದಪ್ಪ ದನಿಗೆ ಎದ್ದವು. ಯಾಕೆ? “ಅದು ಸ್ಟ್ರಿಕ್ಟ್ ಅನ್ಸುತ್ತೆ.” ವಾಕ್ಯ ಬದಲಾಯಿತೇ? ಇಲ್ಲ. ಹೇಳಿದವರು ಬದಲಾದರೇ? ಇಲ್ಲ. ಬದಲಾದದ್ದು ಆವೃತ್ತಿ ಒಂದೇ. ಆಂಡರ್ಸನ್ ತಮ್ಮ ವೇದಿಕೆಯ ಪ್ರದರ್ಶನಗಳಲ್ಲಿ ಹಾರ್ಮೊನೈಸರ್‌ನಿಂದ ದನಿಯನ್ನು ಗಂಡಸಿನ ಸ್ಥಾಯಿಗೆ ಇಳಿಸಿ ಮಾತಾಡುತ್ತಿದ್ದರು, ಅದನ್ನು ‘ಅಧಿಕಾರದ ದನಿ’ ಎಂದು ಕರೆಯುತ್ತಿದ್ದರು ಎಂದು ತಿಳಿಸಿದೆ. ಒಬ್ಬ ಹುಡುಗಿ ಕೇಳಿದಳು: “ಹಾಗಾದ್ರೆ ಸಣ್ಣ ದನಿಯವರು ಹೇಳಿದ್ದು ನಿಜ ಆದ್ರೂ ನಾವು ಕೇಳಲ್ವಾ ಮಿಸ್?” ಇದಕ್ಕೆ ನಾನು ಉತ್ತರ ಕೊಡಲಿಲ್ಲ. ಪ್ರಶ್ನೆಯನ್ನು ಹಲಗೆಯ ಮೂಲೆಯಲ್ಲಿ ಬರೆದಿಟ್ಟೆ.

ಕೊನೆಯ ಹತ್ತು ನಿಮಿಷ ದನಿ ಬದಲಾಗುವುದರ ವಿಜ್ಞಾನಕ್ಕೆ. ಧ್ವನಿತಂತುಗಳ ಉದ್ದ ಪುರುಷರಲ್ಲಿ ಸುಮಾರು 20 ಮಿ.ಮೀ., ಸ್ತ್ರೀಯರಲ್ಲಿ ಅದಕ್ಕಿಂತ ಸುಮಾರು 5 ಮಿ.ಮೀ. ಕಡಿಮೆ, ಮಕ್ಕಳಲ್ಲಿ ಇನ್ನೂ ಚಿಕ್ಕದು. ಹದಿಹರೆಯದಲ್ಲಿ ಧ್ವನಿಪೆಟ್ಟಿಗೆ ಬೆಳೆದು ತಂತುಗಳು ಉದ್ದ ಹಾಗೂ ದಪ್ಪವಾಗುತ್ತವೆ. ಹುಡುಗರ ದನಿ ಸುಮಾರು ಒಂದು ಸಪ್ತಕದಷ್ಟು ಇಳಿಯುತ್ತದೆ. ಹುಡುಗಿಯರ ದನಿಯೂ ಇಳಿಯುತ್ತದೆ, ಸ್ವಲ್ಪ ಮಾತ್ರ. ಹೊಸ ಉದ್ದಕ್ಕೆ ಸ್ನಾಯುಗಳು ಹೊಂದಿಕೊಳ್ಳುವವರೆಗೆ ದನಿ ನಡುನಡುವೆ ಒಡೆಯುತ್ತದೆ. “ಲ್ಯಾಪ್‌ಟಾಪ್ ನನ್ನ ದನಿಗೆ ಒಂದು ಕ್ಷಣದಲ್ಲಿ ಮಾಡಿದ್ದನ್ನು ಮೈ ಸಾವಕಾಶವಾಗಿ ಮಾಡುತ್ತದೆ” ಎಂದೆ. ಯಾರ ಹೆಸರನ್ನೂ ಹೇಳಲಿಲ್ಲ, ಯಾರ ಕಡೆಗೂ ನೋಡಲಿಲ್ಲ. ಮುಂದಿನ ಬೆಂಚಿನವನೊಬ್ಬ ತಾನಾಗಿ “ನನಗೂ ಹಂಗೇ ಆಗ್ತದೆ” ಎಂದ. ಆಗ ಯಾರೂ ನಗಲಿಲ್ಲ.

ಮೌಲ್ಯಮಾಪನ

ಘಟಕದ ಕೊನೆಯಲ್ಲಿ ಸೊಳ್ಳೆ–ಎಮ್ಮೆ ಪ್ರಶ್ನೆಯನ್ನು ಕಾರಣಸಹಿತ ಉತ್ತರಿಸಲು ಕೊಟ್ಟೆ. 38ರಲ್ಲಿ 31 ಮಕ್ಕಳು ಸರಿಯಾದ ಕಾರಣ ಬರೆದರು. ಉಳಿದ 7 ಮಂದಿ “ಸೊಳ್ಳೆ” ಎಂದು ಬರೆದಿದ್ದರೂ ಕಾರಣ ಕೊಡಲಾಗಲಿಲ್ಲ, ಉತ್ತರವನ್ನಷ್ಟೇ ನೆನಪಿಟ್ಟುಕೊಂಡಿದ್ದರು. ಅವರಿಗೆ ಅಳತೆಪಟ್ಟಿಯ ಪ್ರಯೋಗವನ್ನು ಮತ್ತೆ ಮಾಡಿಸಿದೆ. ಮೂರನೇ ಉದ್ದೇಶ ಪೂರ್ತಿ ಈಡೇರಲಿಲ್ಲ. ಗುನುಗುವಿಕೆಯ ಉದಾಹರಣೆ ಕೊಟ್ಟವರು ಹಲವರು, ಬೇರೆ ಉದಾಹರಣೆ ಯೋಚಿಸಿದವರು ಕೆಲವರು ಮಾತ್ರ. ಒಂದೇ ಸ್ವರವನ್ನು ಕೊಳಲು ಮತ್ತು ಹಾರ್ಮೋನಿಯಂನಲ್ಲಿ ನುಡಿಸಿ ತೋರಿಸಿದ್ದರೆ ಒಳ್ಳೆಯದಿತ್ತು.

ಮೂರನೇ ಬೆಂಚಿನ ಹುಡುಗ ಬರವಣಿಗೆಯಲ್ಲಿ ಎಲ್ಲವನ್ನೂ ಸರಿಯಾಗಿ ಉತ್ತರಿಸಿದ್ದ. ಅಳತೆಪಟ್ಟಿಯ ಚಟುವಟಿಕೆಯಲ್ಲಿ ಗುಂಪಿನ ಜೊತೆ ಕೆಲಸ ಮಾಡಿದ. ಆದರೆ ನಾನು ಆ ಶಾಲೆಯಲ್ಲಿದ್ದ ಕೊನೆಯ ದಿನದವರೆಗೂ ತರಗತಿಯಲ್ಲಿ ಅವನು ಗಟ್ಟಿಯಾಗಿ ಓದಲಿಲ್ಲ. ಪರಿಷ್ಕೃತ ಪಾಠ ಎಲ್ಲವನ್ನೂ ಸರಿಪಡಿಸಿತು ಎಂದು ನಾನು ಬರೆಯಲಾರೆ.

ಸಹಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆಗಳು

1. ಸಂಗೀತವನ್ನು ಉಪಕರಣವಾಗಿ ಬಳಸುವಾಗ ಒಂದು ನಿಮಿಷ ಸಾಕು. ಕೇಳಿಸುವ ಮುನ್ನ ಏನನ್ನು ಗಮನಿಸಬೇಕೆಂದು ಹೇಳಬೇಡಿ. ಎರಡನೇ ಸಲ ಕೇಳಿಸುವಾಗ ಹೇಳಿ.
2. ಅಡಾಸಿಟಿ ಉಚಿತ ತಂತ್ರಾಂಶ. ಅದರಲ್ಲಿ ವೇಗ ಬದಲಿಸುವ ಮತ್ತು ಸ್ಥಾಯಿ ಮಾತ್ರ ಬದಲಿಸುವ ಸೌಲಭ್ಯಗಳು ಬೇರೆಬೇರೆ ಇವೆ. ಎರಡನ್ನೂ ತೋರಿಸಿದರೆ ಟೇಪ್ ಪಿಟೀಲಿಗೂ ಹಾರ್ಮೊನೈಸರ್‌ಗೂ ಇರುವ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಲ್ಯಾಪ್‌ಟಾಪ್ ಇಲ್ಲದಿದ್ದರೆ ಅಳತೆಪಟ್ಟಿ ಮತ್ತು ಗುನುಗುವಿಕೆಯಿಂದಲೇ ಮೊದಲ ಮತ್ತು ಮೂರನೇ ಉದ್ದೇಶಗಳನ್ನು ಸಾಧಿಸಬಹುದು.
3. ಪಾರಿಭಾಷಿಕ ಪದ ಕೊಡುವ ಮೊದಲು ಮಕ್ಕಳ ಮನೆಮಾತಿನ ಪದಗಳನ್ನು ಹಲಗೆಯ ಮೇಲೆ ತನ್ನಿ. ತಪ್ಪು ಗ್ರಹಿಕೆ ಅಲ್ಲಿಯೇ ಕಾಣಸಿಗುತ್ತದೆ.
4. ಮಗುವಿನ ದನಿ, ಮುಖ, ಎತ್ತರ, ತೂಕ ಇವುಗಳನ್ನು ಮಾದರಿಯಾಗಿ ಬಳಸುವ ಚಟುವಟಿಕೆಯಿದ್ದರೆ ಮೊದಲ ಮಾದರಿ ಶಿಕ್ಷಕರದ್ದೇ ಇರಲಿ. ಗೆಳೆಯರು ನೂಕಿದ ಮಗು ಸ್ವಯಂಪ್ರೇರಿತನಲ್ಲ.
5. ಪಾಠಯೋಜನೆಯ ನಮೂನೆಯಲ್ಲಿ ‘ಕಲಿಕೋಪಕರಣಗಳು’ ಎಂಬ ಅಂಕಣವಿದೆ. ಅದರ ಪಕ್ಕದಲ್ಲಿ “ಇದರಿಂದ ಯಾರಿಗಾದರೂ ಮುಜುಗರವಾದೀತೇ?” ಎಂದು ನಾನೀಗ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತೇನೆ. ಅಂಕಗಳಿಗೆ ಅದು ಸೇರುವುದಿಲ್ಲ.

ಕೊನೆಯ ವೀಕ್ಷಣೆಯಲ್ಲೂ ‘ಧ್ವನಿ’ ಅಂಕಣದಲ್ಲಿ ನನಗೆ “ತೆಳು” ಎಂದೇ ಬಂತು. ಈಗ ನಾನು ಕೂಗುವುದಿಲ್ಲ. ಮಕ್ಕಳು ಸುಮ್ಮನಾಗುವವರೆಗೆ ಕಾಯುತ್ತೇನೆ. ಹಲಗೆಯ ಮೂಲೆಯಲ್ಲಿ ಬರೆದಿಟ್ಟಿದ್ದ ಆ ಹುಡುಗಿಯ ಪ್ರಶ್ನೆಯನ್ನು ಮಾತ್ರ ನನ್ನ ದಿನಚರಿಗೆ ಬರೆದುಕೊಂಡು ಬಂದಿದ್ದೇನೆ.